ಗಿರಗಿಟ್ಲೆಯ ಶನಿವಾರಗಳು

ಪ್ರೀತಿಯ ಚಿಕ್ಕಮ್ಮನಿಗೆ,

ನಿನ್ನೆ ನಿಮ್ಮ ಮದುವೆಯ ಗಡಿಬಿಡಿಯಲ್ಲಿ ನಾವಿಬ್ಬರೂ ಆಡಿದ ಮಾತು ಎಷ್ಟು, ಗೊತ್ತೇ? ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವಾಗ ನೀವು ತಿರುಗಿ ನೋಡಿ, “ಗ್ಯಾಸ್ ಆಫ್ ಮಾಡಿ ಬಂದ್ಯೇನೇ?” ಅಂದಿರಿ. “ಮಾಡಿದೆ” ಅಂದೆ. ಅಷ್ಟೇ. ಆಮೇಲೆ ಸಹಿ, ಫೋಟೋ, ಹಾರೈಸಲು ಬಂದವರ ನೂಕುನುಗ್ಗಲು, ರೈಲಿನ ಹೊತ್ತು. ಕಿಟಕಿಯ ಸರಳುಗಳ ಆಚೆ ನೀವು ಏನೋ ಹೇಳುತ್ತಿದ್ದಿರಿ, ಈಚೆ ನಾನೂ ಏನೋ ಹೇಳುತ್ತಿದ್ದೆ. ಎಂಜಿನ್ನು ಕೂಗಿ ಇಬ್ಬರ ಮಾತನ್ನೂ ನುಂಗಿತು. ಫೋನಿನಲ್ಲಿ ಹೇಳೋಣವೆಂದರೆ ನಮ್ಮಿಬ್ಬರಿಗೆ ಫೋನೆಂದರೆ ತರಕಾರಿ ಬೆಲೆ, ಮಂಡಿನೋವು, “ಸರಿ ಇಡ್ಲಾ?” ಇಷ್ಟೇ. ಅದಕ್ಕೇ ಇವತ್ತು ಕನ್ನಡಕದಂಗಡಿಗೆ ರಜೆ ಹೇಳಿ, ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ.

ನೀವು ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ, ತಮ್ಮ ಮರಿಗೆ ಐದು. ಅವನಿಗೆ ಶಾಲೆಯಲ್ಲಿ ಬೇರೆ ಹೆಸರಿತ್ತು. ಮನೆಯಲ್ಲಿ ಮಾತ್ರ ಇವತ್ತಿಗೂ, ತಲೆ ಅರ್ಧ ಬೋಳಾದ ಮೇಲೂ, ಮರಿಯೇ. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅಪ್ಪ ಲಿಫ್ಟ್ ರಿಪೇರಿಯವರು. ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆಂದು ಕರೆ ಬಂದರೆ ತಟ್ಟೆಯಲ್ಲಿ ಕೈಯಿಟ್ಟಿದ್ದವರು ಹಾಗೇ ಎದ್ದು ಓಡಬೇಕು. ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುತ್ತಿದ್ದ ಅಪ್ಪ ನಾಲ್ಕನೆಯ ಮಹಡಿಯ ನಮ್ಮ ಮನೆಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಿದ್ದರು, ಯಾಕೆಂದರೆ ನಮ್ಮ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ಅಪ್ಪನ ಅಕ್ಕ, ನಮ್ಮ ಅತ್ತೆ, ಪಕ್ಕದ ಬೀದಿಯಿಂದ ಬಂದು ಎರಡು ಹೊತ್ತು ಬೇಯಿಸಿ ಹಾಕುತ್ತಿದ್ದರು. ನನ್ನ ಜಡೆ ಬಿಗಿಯುತ್ತ, “ಬರೋಳು ಹೇಗಿರ್ತಾಳೋ ಏನೋ. ತಮ್ಮನ ಮೇಲೆ ಒಂದು ಕಣ್ಣಿಟ್ಟಿರು” ಎಂದು ಪ್ರತಿ ಹೆಣಿಗೆಗೂ ಒಂದು ಬುದ್ಧಿಮಾತು ಸೇರಿಸಿ ಕಟ್ಟುತ್ತಿದ್ದರು. ನಾನು ಎರಡು ಕಣ್ಣನ್ನೂ ಇಟ್ಟಿದ್ದೆ.

ನೀವು ಒಂದು ಟ್ರಂಕು, ಒಂದು ಇಸ್ತ್ರಿಪೆಟ್ಟಿಗೆ, ಕಂಬಳಿಯಲ್ಲಿ ಸುತ್ತಿದ ಇನ್ನೊಂದು ಏನೋ ತಂದಿರಿ. ಆಸ್ಪತ್ರೆಯ ಬಟ್ಟೆಮನೆಯಲ್ಲಿ ಇಸ್ತ್ರಿ ಕೆಲಸ ನಿಮ್ಮದು. ಬೆಳಗ್ಗೆ ಹೋಗಿ ಸಂಜೆ ಬರುವಾಗ ನಿಮ್ಮ ಮೈಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ನಮ್ಮನ್ನು ಒಲಿಸಿಕೊಳ್ಳಲು ಮಿಠಾಯಿ ತರಲಿಲ್ಲ, ತಲೆ ಸವರಲಿಲ್ಲ, “ನನ್ನನ್ನ ಅಮ್ಮ ಅನ್ನು” ಎನ್ನಲಿಲ್ಲ. ನಾನು ನಿಮ್ಮನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಮರಿಯ ಕೈಲಿ ಹೇಳಿಸುತ್ತಿದ್ದೆ. “ಅಕ್ಕಂಗೆ ಉಪ್ಪು ಬೇಕಂತೆ.” ನೀವು ಉಪ್ಪಿನ ಡಬ್ಬಿಯನ್ನು ಮರಿಯ ಕೈಗೆ ಕೊಟ್ಟು, “ಅಕ್ಕಂಗೆ ಕೊಡು” ಎನ್ನುತ್ತಿದ್ದಿರಿ. ಎದುರುಬದುರು ಕೂತ ನಮ್ಮಿಬ್ಬರ ನಡುವೆ ಆ ಪಾಪದ ಹುಡುಗ ಪೋಸ್ಟ್‌ಮ್ಯಾನ್ ಆಗಿಹೋಗಿದ್ದ.

ಆಮೇಲೊಂದು ಸಂಜೆ ನೀವು ಆ ಕಂಬಳಿ ಬಿಚ್ಚಿದಿರಿ. ಒಳಗೆ ಚಹಾದ ದೊಡ್ಡ ತಟ್ಟೆಯಷ್ಟಗಲದ ಒಂದು ಚೌಕ ಹಲಗೆ. ಒಂದು ಮೂಲೆಯಲ್ಲಿ ಮೊಳದೆತ್ತರದ ಕಂಬ, ಅದರ ತುದಿಯಿಂದ ಇಳಿಬಿದ್ದ ಸಣ್ಣ ಸರಪಣಿ, ಸರಪಣಿಯ ಕೊನೆಗೆ ನಿಂಬೆಹಣ್ಣಿನಷ್ಟು ದಪ್ಪದ ಮರದ ಗುಂಡು. ನೀವು ಬೆರಳುದ್ದದ ಒಂಬತ್ತು ಗೂಟಗಳನ್ನು ಒಂದೊಂದಾಗಿ ಹಲಗೆಯ ನಡುವೆ ನಿಲ್ಲಿಸಿ, ಗುಂಡನ್ನು ಎರಡು ಬೆರಳಲ್ಲಿ ಹಿಡಿದು ಗೂಟಗಳ ಕಡೆಗಲ್ಲ, ಆಚೆಗೆ ಬಿಟ್ಟಿರಿ. ಇವರಿಗೆ ಕಣ್ಣು ಕಾಣುವುದಿಲ್ಲವೇ ಅಂದುಕೊಂಡೆ. ಗುಂಡು ಕಂಬವನ್ನು ಅಗಲವಾಗಿ ಒಂದು ಸುತ್ತು ಹಾಕಿ, ಹಿಂದಿನಿಂದ ಬಂದು ಗೂಟಗಳ ನಡುವೆ ನುಗ್ಗಿತು. ಆರೋ ಏಳೋ ಬಿದ್ದವು. ಮರಿ ಹಿಗ್ಗಿ ಕುಣಿದ. “ಗಿರಗಿಟ್ಲೆ! ಗಿರಗಿಟ್ಲೆ!” ಅಂದ. ನಿಮ್ಮ ತಂದೆಯ ಮನೆಯಲ್ಲಿ ಅದಕ್ಕೆ ಏನು ಹೆಸರಿತ್ತೋ, ನಮ್ಮ ಮನೆಯಲ್ಲಿ ಅವತ್ತಿನಿಂದ ಅದು ಗಿರಗಿಟ್ಲೆ.

ಕುರ್ಚಿ ಕಾಲು ಕಡೆಯುತ್ತಿದ್ದ ನಿಮ್ಮ ತಂದೆ ಉಳಿದ ತುಂಡುಗಳಿಂದ ಮಾಡಿದ್ದಂತೆ ಅದನ್ನು. ಒಂಬತ್ತು ಗೂಟ, ಒಂಬತ್ತು ಬಣ್ಣದ ಮರ. ನಡುವಿನದು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಕಪ್ಪು. ಅದಕ್ಕೆ ಮರಿ ‘ಯಜಮಾನರು’ ಎಂದು ಹೆಸರಿಟ್ಟ. ಗುಂಡು ಎಷ್ಟೇ ಜೋರಾಗಿ ಬಂದರೂ ಸುತ್ತಲಿನವರೆಲ್ಲ ಉರುಳಿ ಯಜಮಾನರು ಮಾತ್ರ ನಿಂತಿರುತ್ತಿದ್ದರು.

ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ಕೂತು ನೋಡುತ್ತಿದ್ದೆ. ಓದುತ್ತಿದ್ದೇನೆ ಎಂದು ನೀವು ನಂಬಲಿ ಅಂತ ಆಗಾಗ ಪುಟ ತಿರುವುತ್ತಿದ್ದೆ. ದಿನವೂ ನೀವಿಬ್ಬರೂ ಆಡುವುದು, ನಾನು ಪುಟ ತಿರುವುವುದು. ಒಂದು ದಿನ ಮರಿಯ ಗುಂಡು ಮೂರು ಗೂಟ ಬೀಳಿಸಿತು. ಅವನ ಮುಖ ಸಣ್ಣಗಾಯಿತು. ನೀವು ಬಿದ್ದವನ್ನು ಎತ್ತುವ ನೆಪದಲ್ಲಿ ಕಿರುಬೆರಳಿನಿಂದ ಇನ್ನೊಂದನ್ನು ಮೆಲ್ಲಗೆ ಉರುಳಿಸಿ, “ಅರೆ, ನಾಲ್ಕು!” ಅಂದಿರಿ.

“ಮೋಸ! ಕೈ ತಾಗಿಸಿದ್ರಿ! ನಾನು ನೋಡಿದೆ!”

ನನ್ನ ಬಾಯಿಂದ ಅದು ಹೇಗೆ ಹೊರಬಿತ್ತೋ. ಪುಸ್ತಕ ಕಾಲಬಳಿ ಬಿದ್ದಿತ್ತು. ನೀವು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಬ್ಬಬ್ಬಾ! ಈ ಹುಡುಗಿಗೆ ನಾಲಿಗೆ ಇದೆ ಕಣೋ ಮರಿ! ನಾನು ಏನೋ ಅಂದ್ಕೊಂಡಿದ್ದೆ” ಅಂದಿರಿ. ಆಮೇಲೆ, ಏನೂ ಆಗಿಲ್ಲವೆಂಬಂತೆ, “ಮೋಸ ಹಿಡಿಯೋಕೆ ಒಬ್ಬರು ಬೇಕೇ ಬೇಕು. ಬಾ, ಲೆಕ್ಕ ನೀನೇ ನೋಡ್ಕೋ” ಅಂದಿರಿ. ನಾನು ಬಂದೆ. ಮೊದಲ ಸಲ ಗುಂಡನ್ನು ನೆಟ್ಟಗೆ ಗೂಟಕ್ಕೇ ಬೀಸಿದೆ. “ಊಹೂಂ. ನೇರ ಹೊಡೆದ್ರೆ ಲೆಕ್ಕಕ್ಕಿಲ್ಲ. ಸುತ್ತಿ ಬರ್ಬೇಕು” ಎಂದು ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ತೋರಿಸಿದಿರಿ. ನಿಮ್ಮ ಬೆರಳುಗಳು ಒರಟಾಗಿದ್ದವು, ಬಿಸಿಯಾಗಿದ್ದವು. ಅವತ್ತು ರಾತ್ರಿಯ ಊಟಕ್ಕೆ ಉಪ್ಪನ್ನು ನಾನೇ ಕೇಳಿದೆ.

ಆಮೇಲೆ ಶನಿವಾರಗಳು ಶುರುವಾದವು. ಯಾರೂ ಶುರು ಮಾಡಲಿಲ್ಲ. ಗುಂಡಿನ ಸದ್ದು ಕೇಳಿ ಎದುರು ಮನೆಯ ಬೇಕರಿಯವನು “ಏನ್ರೀ ಅದು ಟಕಟಕ?” ಎಂದು ಇಣುಕಿದ, ಮುಂದಿನ ವಾರ ಹೆಂಡತಿಯನ್ನೂ ಕರೆತಂದ. ಕೆಳಮನೆಯಿಂದ ಪತ್ರಿಕೆಯಲ್ಲಿ ಕರಡು ತಿದ್ದುವವರು ಬಂದರು. ಅವರ ಹೆಂಡತಿ ನಿಮ್ಮ ಗೆಳತಿಯಾದರು. ಆಕೆಯ ಗುರಿ ಎಷ್ಟು ಚುರುಕೋ ಕರಡಿನವರದು ಅಷ್ಟು ನಿಧಾನ. ಗುಂಡು ಹಿಡಿದು, ಕಂಬ ನೋಡಿ, ಗೂಟ ನೋಡಿ, ಕನ್ನಡಕ ಸರಿಮಾಡಿ, ಮತ್ತೆ ಕಂಬ ನೋಡಿ ನಿಂತರೆ ಬೇಕರಿಯವನು ಒಂದು ಚಹಾ ಕುಡಿದು ಮುಗಿಸುತ್ತಿದ್ದ. ಅಪ್ಪ ಅವರಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಪೂರ್ಣವಿರಾಮ ಅನ್ನಲಿಲ್ಲವಲ್ಲ, ಪುಣ್ಯ” ಅಂದರು. ಅಷ್ಟು ಹೊತ್ತು ನೋಡಿ ಬಿಟ್ಟ ಗುಂಡು ಒಂದು ಗೂಟಕ್ಕೂ ತಾಗದೆ ವಾಪಸು ಅವರ ಹೊಟ್ಟೆಗೇ ಬಡಿಯುತ್ತಿತ್ತು. ಮನೆ ಬಿದ್ದುಹೋಗುವಂತೆ ನಗು. ಎರಡು ವರ್ಷದಿಂದ ಪಿಸುಮಾತಿನಲ್ಲಿ ಬದುಕಿದ್ದ ಮನೆ ಅದು. ಅಪ್ಪ ಶನಿವಾರ ಸಂಜೆ ಕೆಲಸದ ಕರೆ ಬಂದಾಗ, “ಅರ್ಧ ಗಂಟೆ ತಡೀರಪ್ಪ, ಲಿಫ್ಟಲ್ಲಿ ಫ್ಯಾನ್ ಇದ್ಯಲ್ಲ” ಎಂದು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅತ್ತೆ ಮಾತ್ರ ಆ ಶನಿವಾರಗಳಿಗೆ ಬರುತ್ತಿರಲಿಲ್ಲ. ನನಗೆ ಹದಿಮೂರು ತುಂಬಿದ ಮೇಲೆ ಒಂದು ಸಲ ಬಂದರು. ಮನೆ ತುಂಬ ಜನ. ಬೇಕರಿಯವನು ತಂದ ಬಿಸ್ಕತ್ತು ಮೇಜಿನ ಮೇಲೆ. ಅಲ್ಪವಿರಾಮದವರ ಸರದಿ. ಅತ್ತೆ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತರು. “ನನ್ನ ನಾದಿನಿ ಇದ್ದಾಗ ಇದು ಮನೆ ಆಗಿತ್ತು. ಈಗ ಕ್ಲಬ್ಬು ಆಗಿದೆ. ಅವಳಿದ್ದಿದ್ರೆ ಈ ಕುಣಿತ ನೋಡಿ ಏನಂತಿದ್ಲೋ” ಅಂದರು. ಅಪ್ಪ ತಲೆ ತಗ್ಗಿಸಿದರು. ಅಲ್ಪವಿರಾಮದವರು ಗುಂಡನ್ನು ಮೆಲ್ಲಗೆ ಹಲಗೆಯ ಮೇಲಿಟ್ಟರು. ಇನ್ನು ನೀವು ಏನಾದರೂ ಎದುರಾಡುತ್ತೀರಿ, ಅತ್ತೆ ಅಳುತ್ತಾರೆ, ಅಪ್ಪ ಎದ್ದು ಹೋಗುತ್ತಾರೆ, ಶನಿವಾರ ಮುಗಿಯಿತು ಅಂದುಕೊಂಡೆ.

ನೀವು ಕುರ್ಚಿ ಎಳೆದು ಅತ್ತೆಯ ಹತ್ತಿರ ಇಟ್ಟಿರಿ. ಕೇಳಿದಿರಿ: “ಅತ್ತಿಗೆ, ಅವರು ನಗ್ತಿದ್ರಾ?”

ಅತ್ತೆಗೆ ಅರ್ಥವಾಗಲಿಲ್ಲ. “ಯಾರು?”

“ಈ ಮಕ್ಕಳ ಅಮ್ಮ. ಹೇಗೆ ನಗ್ತಿದ್ರು? ಈ ಮನೇಲಿ ಯಾರೂ ಅವರ ಸುದ್ದಿ ಎತ್ತಲ್ಲ. ನಾನು ಬೇಜಾರು ಮಾಡ್ಕೋತೀನಿ ಅಂತ ಇವರು ಸುಮ್ನಿರ್ತಾರೆ. ಈ ಹುಡುಗನಿಗೆ ಅವರ ಮುಖಾನೇ ನೆನಪಿಲ್ಲ. ನನಗೆ ಹೇಳೋಕಾಗಲ್ಲ, ನಾನು ನೋಡಿಲ್ಲ. ನೀವು ನೋಡಿದ್ದೀರಿ. ಹೇಳಿ ಅತ್ತಿಗೆ.”

ಚಿಕ್ಕಮ್ಮ, ನಿಮ್ಮ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ಕೇಳುತ್ತಿದ್ದಿರಿ. ಅದು ಅತ್ತೆಗೂ ತಿಳಿಯಿತು. ಅವರು ಕುರ್ಚಿಯ ತುದಿಯಲ್ಲಿ ಕೂತರು. ಆಮೇಲೆ ಹೇಳಿದರು. “ಅವಳಿಗೆ ನಗು ಬಂದ್ರೆ ಸದ್ದೇ ಬರ್ತಿರಲಿಲ್ಲ. ಬಾಯಿ ಮುಚ್ಕೊಂಡು, ಭುಜ ಮಾತ್ರ ಗಡಗಡ ಅಲ್ಲಾಡೋದು. ಕಣ್ಣಲ್ಲಿ ನೀರು ಸುರಿಯೋದು. ನೋಡಿದೋರು ಅಳ್ತಿದಾಳೆ ಅಂದ್ಕೋಬೇಕು. ಒಂದ್ಸಲ ಬಸ್ಸಲ್ಲಿ ಹೀಗೇ ನಗ್ತಿದ್ದಾಗ ಯಾರೋ ಪುಣ್ಯಾತ್ಮ ಸಮಾಧಾನ ಮಾಡ್ಕೊಳಮ್ಮಾ ಅಂತ ಕುಡಿಯೋಕೆ ನೀರು ಕೊಟ್ಟಿದ್ದ.”

ಆ ಮಾತಿಗೆ ಮರಿಗೆ ನಗು ಬಂತು. ಏಳು ವರ್ಷದ ಹುಡುಗ, ಬಾಯಿ ಬಿಗಿಹಿಡಿದು, ಭುಜ ಕುಣಿಸುತ್ತ, ಸದ್ದಿಲ್ಲದೆ ನಗುತ್ತಿದ್ದ. ಕಣ್ಣಲ್ಲಿ ನೀರು. ಅವನು ಹಾಗೆ ನಗುವುದನ್ನು ನಾವು ದಿನವೂ ನೋಡಿದ್ದೆವು, ಆದರೆ ಆ ಗಳಿಗೆಯವರೆಗೂ ನೋಡಿರಲಿಲ್ಲ. ಅತ್ತೆ ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. “ಇಗೋ. ಹೀಗೇ. ಇವನ ಹಾಗೇ” ಎಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಅಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದರು. ನನಗೆ ಅಮ್ಮ ನೆನಪಿದ್ದರೂ ಅವಳ ನಗು ಮರೆತುಹೋಗಿತ್ತು. ಕೊನೆಯ ಕಾಯಿಲೆಯ ಮುಖ ಅದನ್ನು ಅಳಿಸಿಬಿಟ್ಟಿತ್ತು. ಅವತ್ತು ವಾಪಸು ಸಿಕ್ಕಿತು.

ಆ ಸಂಜೆ ಅತ್ತೆ ಅಮ್ಮನ ಬಗ್ಗೆ ಹೇಳುತ್ತಲೇ ಹೋದರು. ಚಹಾ ಎರಡು ಸುತ್ತು ಆಯಿತು. ಕೊನೆಗೆ ಹೊರಡುವಾಗ ಹಲಗೆಯ ಹತ್ತಿರ ನಿಂತು, “ಇದನ್ನ ಹೇಗೆ ಬಿಡೋದು?” ಎಂದು ಯಾರನ್ನೂ ನೋಡದೆ ಕೇಳಿದರು. ಬಿಟ್ಟರು. ಮೊದಲ ಏಟಿಗೇ ಎಂಟು ಬಿದ್ದವು. ಮುಂದೆ ಅವರು ಬದುಕಿದ್ದಷ್ಟು ಕಾಲವೂ ಆ ಎಂಟರ ಸುದ್ದಿ ಕೇಳದೆ ನಮಗೆ ಒಂದು ಹಬ್ಬದೂಟವೂ ದಕ್ಕಲಿಲ್ಲ.

ಅವತ್ತು ಮಲಗುವ ಮುಂಚೆ ನಾನು ಮೊದಲ ಸಲ ನಿಮ್ಮನ್ನು ‘ಚಿಕ್ಕಮ್ಮ’ ಅಂದೆ. ಮರಿ ಆಗಲೇ ‘ಅಮ್ಮ’ ಅನ್ನುತ್ತಿದ್ದ, ‘ನೀನು’ ಅನ್ನುತ್ತಿದ್ದ. ನನಗೆ ಆ ಎರಡೂ ಬರಲಿಲ್ಲ. ನೀವು ಎಂದೂ ಅದನ್ನು ಕೊರತೆ ಎಂದುಕೊಳ್ಳಲಿಲ್ಲ. ನನ್ನ ಅಮ್ಮನ ಜಾಗವನ್ನು ನನಗಾಗಿ ಕಾದಿಟ್ಟು, ಅದರ ಪಕ್ಕದಲ್ಲೇ ಒಂದು ಮಣೆ ಹಾಕಿಕೊಂಡು ಕೂತವರು ನೀವು.

ಕಾಲ ಹೇಗೆ ಓಡಿತೋ. ಬೇಕರಿಯವನು ದೊಡ್ಡ ಅಂಗಡಿ ಹಿಡಿದು ಬೇರೆ ಬಡಾವಣೆಗೆ ಹೋದ. ಅಲ್ಪವಿರಾಮದವರ ಹೆಂಡತಿ ಕಾಯಿಲೆ ಬಿದ್ದಾಗ ನೀವು ಪ್ರತಿ ಸಂಜೆ ಕೆಳಗಿಳಿದು ಹೋಗಿ ಅವರ ಹಾಸಿಗೆಯ ಬಟ್ಟೆ ಬದಲಿಸಿ ಬರುತ್ತಿದ್ದಿರಿ. ಆಕೆ ಹೋದ ಮೇಲೆ ಅವರು ಕೆಲಸದಿಂದ ನಿವೃತ್ತರಾಗಿ ಸಮುದ್ರದ ಕಡೆಯ ತಮ್ಮ ಸಣ್ಣ ಊರಿಗೆ ಹೊರಟುಹೋದರು. ಆಮೇಲೆ ಅಪ್ಪ. ಎಷ್ಟೋ ಜನರನ್ನು ಸಿಕ್ಕಿಬಿದ್ದ ಲಿಫ್ಟಿನಿಂದ ಇಳಿಸಿದ ಮನುಷ್ಯ ನಮ್ಮದೇ ಮೆಟ್ಟಿಲಿನ ಮೇಲೆ, ಮೂರನೆಯ ಮಹಡಿಯ ತಿರುವಿನಲ್ಲಿ, ಉಸ್ಸೆಂದು ಕೂತವರು ಏಳಲಿಲ್ಲ. ಗಿರಗಿಟ್ಲೆ ಅಟ್ಟ ಸೇರಿತು. ಮರಿ ಔಷಧದಂಗಡಿ ಇಟ್ಟ, ಮದುವೆಯಾದ, ಬೇರೆ ಮನೆ ಮಾಡಿದ. ನಾನು ಮದುವೆ ಬೇಡವೆಂದೆ. ನೀವು ಒಂದು ಸಲ ಕೇಳಿ, ಎರಡನೆಯ ಸಲ ಕೇಳದೆ, ನನ್ನ ಮಾತನ್ನು ಮಾತೆಂದು ಒಪ್ಪಿಕೊಂಡಿರಿ. ನಾವಿಬ್ಬರೇ ಉಳಿದೆವು. ಸುಖವಾಗಿಯೇ ಇದ್ದೆವು. ಆದರೆ ಶನಿವಾರ ಬೇರೆ ವಾರದ ಹಾಗೇ ಇರುತ್ತಿತ್ತು.

ಹೋದ ಚಳಿಗಾಲದಲ್ಲಿ ಮರಿಯ ಮಗಳ ಹುಟ್ಟುಹಬ್ಬಕ್ಕೆ ಅಲ್ಪವಿರಾಮದವರು ರೈಲು ಹತ್ತಿ ಬಂದರಲ್ಲ. ಮಗು “ಅಪ್ಪ ಹೇಳ್ತಿರ್ತಾರಲ್ಲ, ಅದು ಬೇಕು” ಎಂದು ಹಟ ಹಿಡಿದು ಅಟ್ಟದಿಂದ ಹಲಗೆ ಇಳಿಸಿತು. ಎಲ್ಲರೂ ಆಡಿದರು. ಅವರ ಸರದಿ ಬಂತು. ಕಂಬ ನೋಡಿದರು, ಗೂಟ ನೋಡಿದರು, ಕನ್ನಡಕ ಸರಿಮಾಡಿದರು. “ಇನ್ನೂ ವಾಸಿಯಾಗಿಲ್ಲ ಇವರಿಗೆ” ಎಂದು ಮರಿ ನನ್ನ ಕಿವಿಯಲ್ಲಿ ಅಂದ. ಗುಂಡು ಬಿಟ್ಟರು. ಒಂಬತ್ತೂ ಬಿದ್ದವು, ಯಜಮಾನರೂ ಸೇರಿ. ಮಕ್ಕಳು ಕಿರುಚಿದವು. ಅವರು ಮಾತ್ರ ಬಿದ್ದ ಗೂಟಗಳನ್ನೇ ನೋಡುತ್ತ, ಅದೇ ನಿಧಾನದಲ್ಲಿ ನಿಮಗೆ ಹೇಳಿದರು: “ಇವತ್ತು ಹೇಳದಿದ್ರೆ ಇನ್ಯಾವತ್ತೂ ಹೇಳೋಕಾಗಲ್ಲ. ನೀವು ಒಪ್ಪಿದ್ರೆ, ಉಳಿದ ದಿನ ನಾವಿಬ್ಬರೂ ಒಂದೇ ಮನೇಲಿ ಇರಬಹುದು ಅಂತ ನನಗನ್ನಿಸುತ್ತೆ. ಒಪ್ಪದಿದ್ರೂ ಮುಂದಿನ ಸಲ ಆಟಕ್ಕೆ ಕರೀರಿ.”

ಮರಿ ಎದ್ದು ಬಾಲ್ಕನಿಗೆ ಹೋದ. ನೀವು ಕಿವಿಯವರೆಗೂ ಕೆಂಪಾಗಿ, “ಗೂಟ ನಿಲ್ಲಿಸ್ರೋ, ಮುಂದಿನೋರ ಸರದಿ” ಅಂದಿರಿ.

ಮಾರನೆಯ ದಿನ ನೀವು ದಿಂಬಿನ ಚೀಲ ಇಸ್ತ್ರಿ ಮಾಡುತ್ತಿದ್ದಾಗ ಕೇಳಿದೆ, ನಿಮಗೆ ಇಷ್ಟವಿದೆಯೇ ಎಂದು. “ಇಷ್ಟ ಇದ್ರೇನು, ಇಲ್ದಿದ್ರೇನು. ಮರಿ ಮುಖ ನೋಡ್ಲಿಲ್ವಾ? ಬೇಡ ಬಿಡು” ಅಂದಿರಿ. ಇಸ್ತ್ರಿ ಎರಡು ಸಲ ಹೋಗಿಬಂತು. ಆಮೇಲೆ ನನ್ನ ಕಡೆ ನೋಡದೆ ಹೇಳಿದಿರಿ: “ಅವರು ಬಂದ್ರೆ ನನಗೆ ಮಾತಾಡ್ಬೇಕು ಅನ್ಸುತ್ತೆ ಕಣೇ. ದಿನಾ ಹಾಗೆ ಅನ್ಸಲ್ಲ.” ನನಗೆ ಅಷ್ಟು ಸಾಕಾಯಿತು.

ನಾನು ಮರಿಯ ಅಂಗಡಿಗೆ ಹೋದೆ. ಜನ ಏನಂತಾರೆ, ಈ ವಯಸ್ಸಿಗೆ ಇದೆಲ್ಲ ಯಾಕೆ ಎಂದು ಮೊದಲು ಏನೇನೋ ಅಂದ. ನಾನು ಕೇಳುತ್ತ ನಿಂತೆ. ಕೊನೆಗೆ ಮಾತ್ರೆಯ ಪೆಟ್ಟಿಗೆಗಳನ್ನು ಜೋಡಿಸುತ್ತ ನಿಜ ಹೇಳಿದ: “ನಿನಗೆ ಒಬ್ಬಳು ನೆನಪಲ್ಲಾದ್ರೂ ಇದ್ದಾಳೆ ಅಕ್ಕ. ನನಗೆ ಇರೋದೇ ಇವಳೊಬ್ಬಳು.” ಉಳಿದ ಪೆಟ್ಟಿಗೆಗಳನ್ನು ಅವನ ಜೊತೆ ನಾನೂ ಜೋಡಿಸಿದೆ. ಆಮೇಲೆ ಮನೆಗೆ ಬಂದೆ.

ವಾರ ಕಳೆದು ಅವನೇ ನಿಮ್ಮ ಹತ್ತಿರ ಬಂದನಲ್ಲ. ನೀವಿಬ್ಬರೂ ಏನು ಮಾತಾಡಿದಿರಿ ಎಂದು ನಾನು ಕೇಳಿರಲಿಲ್ಲ. ನಿನ್ನೆ ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವನೇ ಹೇಳಿದ. “ನಮ್ಮನ್ನ ಬಿಟ್ಟು ಹೋಗ್ತೀಯಾ?” ಎಂದು ಕೇಳಿದನಂತೆ. ನೀವು, “ನೀನು ಮದುವೆಯಾದಾಗ ನನ್ನ ಬಿಟ್ಟು ಹೋದ್ಯೇನೋ?” ಅಂದಿರಂತೆ. ಇವನು “ಇಲ್ಲ” ಅಂದನಂತೆ. ನೀವು “ಮತ್ತೆ?” ಅಂದಿರಂತೆ. ಅಷ್ಟೇ ಆದದ್ದಂತೆ. “ಆ ‘ಮತ್ತೆ’ಗೆ ಏನು ಹೇಳ್ಲಿ ಅಕ್ಕ, ನೀನೇ ಹೇಳು” ಎಂದು ನನ್ನನ್ನೇ ಕೇಳಿದ.

ಹಲಗೆಯ ಸರಪಣಿಗೆ ಎಣ್ಣೆ ಹಾಕಿ, ಸಡಿಲವಾದ ಕಂಬವನ್ನು ಬಿಗಿಮಾಡಿ, ಕಂಬಳಿ ಸುತ್ತಿ ನಿಮ್ಮ ಸಾಮಾನಿನ ಜೊತೆ ಇಟ್ಟವನು ಅವನೇ. ನಿಮಗೆ ಗೊತ್ತಾಗಲೆಂದು ಬರೆಯುತ್ತಿದ್ದೇನೆ, ಅವನಾಗಿ ಹೇಳುವವನಲ್ಲ. ಕಚೇರಿಯಲ್ಲಿ ಸಾಕ್ಷಿ ಸಹಿಗೆ ಅವನೇ ಮೊದಲು ಕೈ ಚಾಚಿದ. ಅಷ್ಟರಲ್ಲಿ ನಿಮ್ಮ ಯಜಮಾನರು ಮದುವೆಯ ಪ್ರಮಾಣಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, “ಇಲ್ಲೊಂದು ದೀರ್ಘ ತಪ್ಪಿದೆ” ಎಂದು ಗುಮಾಸ್ತನಿಗೆ ತೋರಿಸಿ ಎಲ್ಲರನ್ನೂ ಕಾಯಿಸಿದರು. ಮರಿ ಅಂದ, “ಅಮ್ಮ, ಇನ್ನೂ ಸಹಿ ಆಗಿಲ್ಲ, ಬೇಕಾದ್ರೆ ಈಗಲೂ ಓಡಿಹೋಗಬಹುದು.” ನೀವು ನಕ್ಕಿರಿ. ನಿಮ್ಮ ಮದುವೆಯ ಫೋಟೋದಲ್ಲಿ ನೀವು ಅಷ್ಟು ಚೆಂದ ಕಾಣುವುದು ಆ ನಗುವಿನಿಂದ.

ಈಗ ನಾನು ನಿಮಗೆ ಕೆಲವು ಬುದ್ಧಿಮಾತು ಹೇಳಬೇಕು. ಹೊಸ ಮನೆಗೆ ಹೋದವರಿಗೆ ಮನೆಯವರು ಹೇಳುವಂಥವು. ಬೆಳಗ್ಗೆ ಕತ್ತಲಿರುವಾಗಲೇ ಏಳುವ ಅಭ್ಯಾಸ ಬಿಡಿ, ಅಲ್ಲಿ ಯಾರಿಗೂ ಡಬ್ಬಿ ಕಟ್ಟಬೇಕಿಲ್ಲ. ಮೊದಲ ದಿನವೇ ಅವರ ಅಂಗಿಗಳಿಗೆಲ್ಲ ಇಸ್ತ್ರಿ ಮಾಡಿ ಅಭ್ಯಾಸ ಕೆಡಿಸಬೇಡಿ. ಮಂಡಿಗೆ ಎಣ್ಣೆ ಹಚ್ಚಲು ಮರೆಯಬೇಡಿ, ಬಾಟಲಿ ಟ್ರಂಕಿನ ಎಡಮೂಲೆಯಲ್ಲಿದೆ. ಅವರು ಮಾತಿನ ನಡುವೆ ನಿಂತು ಯೋಚಿಸುವಾಗ ನೀವೇ ವಾಕ್ಯ ಮುಗಿಸಬೇಡಿ, ಪಾಪ, ಮುಗಿಸಲಿ. ಜಗಳವಾದರೆ ಆಡಿಬಿಡಿ, ಒಳಗೆ ಇಟ್ಟುಕೊಂಡು ಪಾತ್ರೆ ತಿಕ್ಕಬೇಡಿ.

ಇನ್ನೊಂದು. ನೀವು ನಮ್ಮ ಮನೆಗೆ ಬಂದಾಗ ನಿಮ್ಮ ತಂದೆ ತೀರಿಹೋಗಿದ್ದರು. ಒಂದು ದಿನ ಬೇಜಾರಾಗಿ ಎದ್ದು ಹೊರಟರೆ ಹೋಗಿ ಕೂರಲು ನಿಮಗೊಂದು ಬಾಗಿಲಿರಲಿಲ್ಲ. ಹನ್ನೊಂದು ವರ್ಷದ ಹುಡುಗಿ ಮುಖ ತಿರುಗಿಸಿದಾಗಲೂ, ಅತ್ತೆ ಬಾಗಿಲಲ್ಲಿ ನಿಂತು ಅಂದಾಗಲೂ, ನೀವು ಇಲ್ಲೇ ಇರಬೇಕಾಗಿತ್ತು, ಇದ್ದಿರಿ. ಈ ಸಲ ಹಾಗಲ್ಲ ಚಿಕ್ಕಮ್ಮ. ಸಿಟ್ಟು ಬಂದರೆ ಬನ್ನಿ, ಸಿಟ್ಟಿಲ್ಲದಿದ್ದರೂ ಬನ್ನಿ. ಅವರನ್ನು ಕರೆದುಕೊಂಡಾದರೂ ಬನ್ನಿ, ಬಿಟ್ಟಾದರೂ ಬನ್ನಿ. ನಾಲ್ಕನೆಯ ಮಹಡಿ ಹತ್ತಲು ಆಗದಿದ್ದರೆ ಕೆಳಗೆ ನಿಂತು ಕೂಗಿ, ಇಳಿದು ಬಂದು ಕೈ ಹಿಡಿಯುತ್ತೇನೆ. ಇದು ನಿಮ್ಮ ತವರು. ತವರಿಗೆ ಬರುವವರು ಕಾರಣ ಹೇಳುವುದಿಲ್ಲ.

ನಿಮಗಿಂತ ಚಿಕ್ಕವಳು ನಾನು, ಆದರೂ ತವರಿನ ಹಿರಿಯಳಾಗಿ ಹರಸುತ್ತೇನೆ: ನಿಮ್ಮ ಹೊಸ ಮನೆಯಲ್ಲಿ ಮಾತು ತುಂಬಿರಲಿ, ಮೈ ಹಗುರಾಗಿರಲಿ, ಇಬ್ಬರೂ ಬಹುಕಾಲ ಚೆನ್ನಾಗಿ ಬಾಳಿ.

ದಾರಿ ನೋಡುತ್ತಿರುವ,
ನಿಮ್ಮ ದೊಡ್ಡವಳು